ಬಾವಿ ನೀರಿನ ನಿಲ್ಲದ ಅಂಕಿ

ಬಸ್ತಿಹಳ್ಳಿಯ ಕಾಂಚನಮಾಲಾಗೆ ಹಿತ್ತಲ ಬಾವಿ ಎಂದರೆ ತೀರಿಹೋದ ಅತ್ತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳ ಕೈಗೆ ನೀರು ಸೋಸುವ ಬಿಳಿ ಬಟ್ಟೆ ಕೊಟ್ಟಿದ್ದರು. ಜೈನರ ಪದ್ಧತಿಯಂತೆ, ಸೋಸಿದ ಮೇಲೆ ಬಟ್ಟೆ ಮಗುಚಿ, ನೀರು ಹೊಯ್ದು, ಅದರಲ್ಲುಳಿದ ಕಣ್ಣಿಗೆ ಕಾಣದ ಜೀವಗಳನ್ನು ತಾಮ್ರದ ಚೊಂಬಿನಲ್ಲಿ ಅದೇ ಬಾವಿಗೆ ಇಳಿಸಬೇಕು. "ಅವುಕ್ಕೂ ತವರುಮನೆ ಇರುತ್ತೆ ಕಣೇ," ಎನ್ನುತ್ತಿದ್ದರು. ತವರು ಬಿಟ್ಟು ಬಂದ ಹುಡುಗಿಗೆ ಆ ಮಾತು ಕರುಳಿಗೇ ತಾಕಿತ್ತು.

ನಲ್ಲಿ ಬಂತು, ಅತ್ತೆ ಹೋದರು, ಬಾವಿಯ ಬಳಕೆ ತಪ್ಪಿತು. ಈಗ ಗಂಡ ಶಾಂತಿಕುಮಾರ ಅದನ್ನು ಮುಚ್ಚಿಸಿ ಕಾರಿಗೆ ಶೆಡ್ ಹಾಕಿಸಲು ಹೊರಟಿದ್ದ. ಹಟಕ್ಕೆ ಬಿದ್ದರೆ ಬಿಡುವ ಆಸಾಮಿಯಲ್ಲ. ಹೆಂಡತಿ ಅತ್ತಿದ್ದಕ್ಕೆ ಒಂಚೂರು ಸಡಿಲಿಸಿದ.

"ನೀರು ಚೆನ್ನಾಗೈತೆ ಅಂತ ತೋರ್ಸು, ಹೂಳು ತೆಗೆಸ್ತೀನಿ. ಇಲ್ದಿದ್ರೆ ಭಾನುವಾರ ಟ್ರ್ಯಾಕ್ಟರಲ್ಲಿ ಮಣ್ಣು ಬರುತ್ತೆ."

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮಗಳು ಬ್ರಾಹ್ಮಿ ಪಿಎಚ್ ಮೀಟರ್ ತಂದಳು. ನೀರು ಆಮ್ಲವೋ ಕ್ಷಾರವೋ ಎಂದು ಅಂಕಿಯಲ್ಲಿ ಹೇಳುವ ಪುಟ್ಟ ಯಂತ್ರ. ತಂದ ಮರುದಿನ ಬಾವಿ ನೀರಿಗೆ ಅದ್ದಿದರೆ ಅದೋ ಆರೂವರೆ ಎಂದಿತು, ಎಂಟು ಎಂದಿತು, ಮತ್ತೆ ಏಳಕ್ಕಿಳಿಯಿತು. ಬ್ರಾಹ್ಮಿ ಸೆಲ್ ಬದಲಿಸಿದಳು, ಮೀಟರಿನ ಜೊತೆ ಬಂದ ಪುಡಿ ಕರಗಿಸಿ ಅಳತೆ ಸರಿಮಾಡಿದಳು. ಮರುದಿನ ಮತ್ತದೇ ಕುಣಿತ.

"ನೋಡ್ದ್ಯಾ? ನೀರು ಕೆಟ್ಟೋಗೈತೆ," ಎಂದು ಶಾಂತಿಕುಮಾರ ಮೀಸೆ ತಿರುವಿದ.

"ನಲ್ಲಿ ನೀರಿಗೂ ಹಿಂಗೇ ಕುಣೀತಿದೆ ಅಪ್ಪಾಜಿ. ಮೀಟರಿಗೇ ಏನೋ ಆಗಿದೆ."

ಶನಿವಾರ ಬ್ರಾಹ್ಮಿ ಮೀಟರಿನ ತುದಿಯ ಮುಚ್ಚಳ ಬಿಚ್ಚಿ ಅದರೊಳಕ್ಕೆ ಇಣುಕಿ ನೋಡಿದರೆ ಹನಿ ಪಸೆಯಿಲ್ಲ. "ನಿನ್ನೆ ತಾನೇ ಇದರೊಳಗೆ ದ್ರಾವಣ ಹಾಕಿದ್ದೆ. ತುದೀಲಿರೋ ಗಾಜು ಒಣಗಿದ್ರೆ ಅಂಕಿ ನಿಲ್ಲಲ್ಲ. ಯಾರು ಚೆಲ್ಲಿದ್ದು?"

"ನಾನೇ ಕಣೇ. ದಿನಾ ಸಂಜೆ ಚೆಲ್ಲಿ, ಒರೆಸಿ ಇಡ್ತಿದ್ದೆ," ಎಂದಳು ಕಾಂಚನಮಾಲಾ. "ನಿಂತ ನೀರನ್ನ ರಾತ್ರಿ ಇಡಬಾರ್ದು, ಜೀವ ಹುಟ್ಟುತ್ತೆ ಅಂತ ನಿಮ್ಮಜ್ಜಿ ಹೇಳ್ತಿರ್ಲಿಲ್ವಾ?"

ಅತ್ತೆಯ ಮಾತು ಪಾಲಿಸಿಯೇ ಅತ್ತೆಯ ಬಾವಿ ಮುಚ್ಚಿಸಲು ಹೊರಟಿದ್ದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಆ ಸಂಜೆ ಮಗಳು ದ್ರಾವಣ ತುಂಬಿಟ್ಟಾಗ ಕಾಂಚನಮಾಲಾಳ ಕೈ ಸುಮ್ಮನಿರಲೊಲ್ಲದು. ಗೋಡೆಯ ಮೇಲಿನ ಫೋಟೋಗೆ ಕೈಮುಗಿದು, "ಇದೊಂದು ರಾತ್ರಿ ಕಣ್ಮುಚ್ಕೊಳ್ಳಿ ಅತ್ತೆ," ಎಂದಳು.

ಭಾನುವಾರ ಬೆಳಿಗ್ಗೆ ಬಾವಿ ನೀರು ಸೇದಿ, ಸೋಸಿ, ಲೋಟದಲ್ಲಿ ಕೊಟ್ಟಳು. ಅಂಕಿ ಏಳೂಕಾಲರ ಹತ್ತಿರ ಬಂದು ನಿಂತಿತು, ಕದಲಲಿಲ್ಲ.

"ಆಮ್ಲಾನೂ ಇಲ್ಲ, ಕ್ಷಾರಾನೂ ಇಲ್ಲ, ಅಂಕಿ ಸರಿಯಾಗಿದೆ. ಕುಡಿಯೋದಕ್ಕೆ ಆಗುತ್ತಾ ಅಂತ ಲ್ಯಾಬಿನವರನ್ನ ಕೇಳೋಣ," ಎಂದಳು ಬ್ರಾಹ್ಮಿ. ಶಾಂತಿಕುಮಾರ ಬಗ್ಗಿ ಅಂಕಿಯನ್ನೇ ನೋಡಿದ.

ಕಾಂಚನಮಾಲಾ ಸೋಸಿದ ಬಟ್ಟೆಗೆ ನೀರು ಹೊಯ್ದು, ಚೊಂಬಿಗೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟಳು. ಅಭ್ಯಾಸ ತಪ್ಪಿತ್ತು, ಅರ್ಧದಲ್ಲೇ ಹಗ್ಗ ಜಗ್ಗಿ ಚೊಂಬು ಮಗುಚಹೋದಳು. ಹಿಂದಿನಿಂದ ಇನ್ನೊಂದು ಕೈ ಬಂದು ಹಗ್ಗ ಹಿಡಿಯಿತು.

"ಅಷ್ಟೆತ್ತರದಲ್ಲೇ ಮಗುಚಬೇಡ್ವೇ, ಅವುಕ್ಕೆ ಪೆಟ್ಟಾಗುತ್ತೆ. ನೀರು ಮುಟ್ಲಿ. ಅಮ್ಮ ಹಂಗೇ..." ಶಾಂತಿಕುಮಾರ ಹಗ್ಗವನ್ನು ಮೆಲ್ಲಗೆ ಕೆಳಗಿಳಿಸಿದ.

ಹೊರಗೆ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು.

"ವಾಪಸ್ ಹೋಗು ಅನ್ನಮ್ಮ ಅವನಿಗೆ," ಎಂದು ಅವನು ಹಗ್ಗ ಬಿಡದೆ ಮಗಳಿಗೆ ಹೇಳಿದ.