ನೋಡಿದವರು: ಒಬ್ಬರು

"ಕೈಗೇನು ಲಕ್ವ ಹೊಡೆದಿದ್ಯಾ, ಮುದಿ ಮುಂಡೆ? ಗಟ್ಟಿಯಾಗಿ ಹಿಂಡು," ಎಂದ ಮೇಸ್ತ್ರಿ.

ನಾನು ಹಿಂಡುತ್ತಿದ್ದುದು ನಮ್ಮ ಲಾಂಡ್ರಿಗೆ ಬಂದ ಆಸ್ಪತ್ರೆಯ ಬೆಡ್‌ಶೀಟು. ಗಟ್ಟಿಯಾಗಿ ಹಿಂಡಿದರೆ ಮಡಿಕೆಯಲ್ಲಿ ಉಳಿದ ಇಂಜೆಕ್ಷನ್ ಸೂಜಿ ಅಂಗೈಗೇ ಬರುತ್ತದೆ. ಇಲ್ಲೇ ಒಗೆಯುತ್ತಿದ್ದ ನನ್ನ ಸೊಸೆಗೆ ಹಾಗೆಯೇ ಚುಚ್ಚಿತ್ತು. ಎರಡು ತಿಂಗಳಿಗೆ ಕಣ್ಣು ಹಳದಿಯಾಯಿತು. ಈಗ ಅದೇ ಆಸ್ಪತ್ರೆಯಲ್ಲಿ, ನಾವೇ ಒಗೆದ ಬೆಡ್‌ಶೀಟಿನ ಮೇಲೆ ಮಲಗಿದ್ದಾಳೆ.

"ಗ್ಲೌಸಾದ್ರೂ ಕೊಡ್ಸಿ ಮೇಸ್ತ್ರಿ," ಎಂದಳು ಪಕ್ಕದವಳು. ಬಾಯಿ ಜೋರೆಂದು ಅವಳನ್ನು ಎಲ್ಲರೂ ಬಜಾರಿ ಎಂದೇ ಕರೆಯುವುದು.

"ಕೊಡಿಸ್ತೀನಿ, ಕಾಲಿಗೆ ಬೂಟೂ ಕೊಡಿಸ್ತೀನಿ. ಮಹಾರಾಣಿ ಬಂದ್ಲು ನೋಡು."

ಕೈಗವಸಿಗಾಗಿ ನಾನು ಅರ್ಜಿ ಬರೆದು ಕಾರ್ಮಿಕ ಕಚೇರಿಗೆ ಒಯ್ದಿದ್ದೆ. ಸಾಹೇಬರು ಅದನ್ನು ಮುಟ್ಟಲೇ ಇಲ್ಲ.

"ಕಾಗದ ಯಾರಜ್ಜಿ ಓದ್ತಾರೆ ಈಗ? ನಮ್ಮ ವೆಬ್‌ಸೈಟಿಗೆ ಹಾಕ್ಸು. ಜಾಸ್ತಿ ಜನ ನೋಡಿದ ದೂರು ಮೇಲೆ ಬರುತ್ತೆ. ಅದನ್ನ ವಿಚಾರಿಸ್ತೀವಿ."

ಅರ್ಜಿ ನನ್ನ ಪೆಟ್ಟಿಗೆ ಸೇರಿತು. ನಮ್ಮಲ್ಲಿ ಇಂಟರ್ನೆಟ್ ಇದ್ದದ್ದು ಬಜಾರಿಯ ಫೋನಿಗೆ ಮಾತ್ರ. ಅದರಲ್ಲೇ ದೂರನ್ನು ಹಾಕಿದೆವು. ಮೂವತ್ತು ಹೆಂಗಸರೂ ತಲೆಗೆ ತಲೆ ಕೊಟ್ಟು ನೋಡಿದೆವು. ಓದಲು ಬಾರದವರಿಗೆ ಬಂದವರು ಓದಿ ಹೇಳಿದರು.

ತಿಂಗಳು ಬಿಟ್ಟು ಹೋದಾಗ ಸಾಹೇಬರು ಪರದೆಯನ್ನು ನನ್ನತ್ತ ತಿರುಗಿಸಿದರು. "ನೋಡಿದವರು: ಒಬ್ಬರು."

"ಮೂವತ್ತು ಜನ ನೋಡಿದ್ವಲ್ಲ ಸ್ವಾಮಿ."

"ಎಷ್ಟು ಸಲ ತೆರೆದ್ರಿ?"

"ಒಂದೇ ಸಲ."

"ಹಾಗಾದ್ರೆ ಒಬ್ರೇ. ಮನುಷ್ಯರು ಸುಳ್ಳು ಹೇಳ್ಬಹುದಜ್ಜಿ, ಮಿಷನ್ ಹೇಳಲ್ಲ. ನಿಮ್ಮ ಧಣಿಗಳ ಲಾಂಡ್ರಿ ವೆಬ್‌ಸೈಟ್ ನೋಡು, ಲಕ್ಷ ಜನ ನೋಡಿದಾರೆ. ಅಂಥೋರ ಮೇಲೆ ದೂರು ತರ್ತೀಯಲ್ಲ, ಬುದ್ಧಿ ಬೇಡ್ವಾ?"

ಆ ಲಕ್ಷ ಜನರ ಪರಿಚಯ ನಮಗಿತ್ತು. ಇಸ್ತ್ರಿ ಕೋಣೆಯ ಗೋಡೆಗೆ ಹಲಗೆ ಹೊಡೆಸಿ, ಧಣಿ ಹಳೆಯ ಫೋನುಗಳನ್ನು ಸಾಲಾಗಿ ಕೂರಿಸಿದ್ದ. ಊಟದ ಬಿಡುವಿನಲ್ಲಿ ಸರದಿಯ ಮೇಲೆ ಅವನ ವೆಬ್‌ಸೈಟನ್ನು ನಾವು ತೆರೆಯಬೇಕು, ಮುಚ್ಚಬೇಕು, ಮತ್ತೆ ತೆರೆಯಬೇಕು. ತೆರೆದಾಗಲೆಲ್ಲ ನಮ್ಮದೇ ಫೋಟೊ ಕಾಣುತ್ತಿತ್ತು. ಅದರಲ್ಲಿ ಎಲ್ಲರ ಕೈಗೂ ಕೈಗವಸು. ಫೋಟೊ ತೆಗೆದ ಮೇಲೆ ಮೇಸ್ತ್ರಿ ಎಣಿಸಿ ಬಿಚ್ಚಿಸಿಕೊಂಡಿದ್ದ.

"ಅವೇ ಫೋನಲ್ಲಿ ನಮ್ ದೂರನ್ನ ಒತ್ತೋಣ್ವಾ ದೊಡ್ಡಮ್ಮ? ಸಂಜೆಯೊಳಗೆ ನಾವೂ ಲಕ್ಷ," ಎಂದಳು ಬಜಾರಿ.

"ಒತ್ತಿದ್ರೆ ನನ್ನ ಸೊಸೆ ಕಾಯ್ಲೆನೂ ಆ ಫೋಟೊದಷ್ಟೇ ನಿಜ ಆಗುತ್ತೆ. ಬಿಡು."

ಆ ವಾರ ಸೊಸೆ ನನ್ನ ಗುರುತು ಹಿಡಿಯುವುದನ್ನೂ ಬಿಟ್ಟಳು.

ಪೆಟ್ಟಿಗೆಯಿಂದ ಅರ್ಜಿ ತೆಗೆದೆ. ಬೆಡ್‌ಶೀಟುಗಳಲ್ಲಿ ಸಿಕ್ಕ ಸೂಜಿಗಳನ್ನೆಲ್ಲ ಹೆಂಗಸರು ತಂದು ಕೊಟ್ಟರು. ಅವನ್ನು ಮುಚ್ಚಳದ ಡಬ್ಬಿಗೆ ಹಾಕಿ, ಅರ್ಜಿಯನ್ನು ಸುತ್ತಿ, ಮೇಲೆ ಬಟ್ಟೆ ಹೊಲಿದೆ. ಸಾಹೇಬರ ವಿಳಾಸದ ಕೆಳಗೆ ದಪ್ಪಕ್ಷರದಲ್ಲಿ ಬರೆದೆ: ಕೈಗವಸು ಹಾಕಿಕೊಂಡು ಬಿಚ್ಚುವುದು.

ಅಂಚೆ ಗುಮಾಸ್ತ ಓದಿ ತಲೆಯೆತ್ತಿದ.

"ಒಳಗೇನಜ್ಜಿ?"

"ಅರ್ಜಿ. ಜೊತೆಗೆ ಸಾಕ್ಷಿ."

ಅವನು ಒಮ್ಮೆ ನನ್ನ ಅಂಗೈ ನೋಡಿದ. ಆಮೇಲೆ ಪಾರ್ಸೆಲ್ಲಿನ ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, ಮುದ್ರೆ ಒತ್ತಿ, ಚೀಲಕ್ಕೆ ಬಿಟ್ಟ.