ಅಪ್ಪನ ಹೆಸರಿಗೊಂದು ಹುಳು

ನಮ್ಮ ಸಂಸ್ಥೆಯ ನಿರ್ದೇಶಕರನ್ನು ಎದುರಿಗೆ ಎಲ್ಲರೂ ಸರ್ ಅನ್ನುತ್ತಾರೆ, ಬೆನ್ನ ಹಿಂದೆ ನಾಮಫಲಕರು ಅನ್ನುತ್ತಾರೆ. ಮೆಟ್ಟಿಲಿಗೊಂದು, ಕುಡಿಯುವ ನೀರಿನ ಯಂತ್ರಕ್ಕೊಂದು, ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡಿಗೊಂದು ಫಲಕ ಹೊಡೆಸಿ, ಪ್ರತಿಯೊಂದರಲ್ಲೂ ತೀರಿಹೋದ ತಮ್ಮ ತಂದೆಯ ಹೆಸರು ಕೆತ್ತಿಸಿರುವ ಮಹಾನುಭಾವರು ಅವರು. ತಂದೆ ಈ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದರಂತೆ. ಅವರು ಏನು ಸಂಶೋಧನೆ ಮಾಡಿದರು ಅಂತ ಕೇಳಿದರೆ, ಈ ಕಟ್ಟಡ ಕಟ್ಟಿಸಿದರು ಅನ್ನುವ ಉತ್ತರ ಸಿಗುತ್ತದೆ. ಕಟ್ಟಡ ಸೋರುತ್ತದೆ.

ಇಲ್ಲಿ ನಾವು ನೋಡುವುದು ಜಂತುಹುಳುಗಳನ್ನು. ಕಣ್ಣಿಗೆ ಕಂಡೂ ಕಾಣದ, ಕೂದಲಿನ ಚೂರಿನಂಥ ಹುಳುಗಳು. ಎಲ್ಲಿಂದಲಾದರೂ ಒಂದು ಹಿಡಿ ಮಣ್ಣು ತನ್ನಿ, ಅದರಲ್ಲಿ ಸಾವಿರಾರು ಇರುತ್ತವೆ. ಬಹುಪಾಲು ಪಾಪದವು, ಕೊಳೆತದ್ದರ ಮೇಲಿನ ಬ್ಯಾಕ್ಟೀರಿಯಾ ಮೇಯುತ್ತಾ, ಗಿಡಕ್ಕೆ ಬೇಕಾದ ಸಾರ ಬಿಡಿಸಿಕೊಡುತ್ತಾ ತಮ್ಮ ಪಾಡಿಗೆ ತಾವಿರುತ್ತವೆ. ಕೆಲವು ತಮ್ಮ ಜಾತಿಯವನ್ನೇ ನುಂಗುತ್ತವೆ. ಕೆಲವು ಬೇರಿನೊಳಗೆ ಮನೆ ಮಾಡುತ್ತವೆ, ಕೆಲವು ಕುರಿಯ ಹೊಟ್ಟೆಯಲ್ಲಿ. ಕುರಿಯ ಹೊಟ್ಟೆ ನನ್ನ ಪಾಲಿಗೆ ಬಂದದ್ದರಿಂದ ನನಗೆ ಇಲ್ಲಿ ಕುರಿ ಮೇಡಂ ಅಂತ ಹೆಸರು. ನನಗೇನೂ ಬೇಜಾರಿಲ್ಲ. ಇಪ್ಪತ್ತು ವರ್ಷ ಕುರಿಗಳನ್ನೂ ನಿರ್ದೇಶಕರನ್ನೂ ನೋಡಿದ ಮೇಲೆ ಯಾರ ಜೊತೆ ಹೆಸರು ಸೇರಿದರೆ ಮರ್ಯಾದೆ ಅನ್ನುವುದು ನನಗೆ ಗೊತ್ತಾಗಿದೆ.

ಪಕ್ಕದ ಕೋಣೆಯವಳನ್ನು ಎಲ್ಲರೂ ಕರೆಯುವುದು ಟೊಮೇಟೊ ಅಂತ. ಗಂಡ ಬೇಕರಿಯಲ್ಲಿ ಕೆಲಸಕ್ಕಿದ್ದಾನೆ, ಮಗಳು ಶಾಲೆಗೆ ಹೋಗುತ್ತಾಳೆ, ಇವಳದು ವರ್ಷ ವರ್ಷವೂ ಕೈಕಾಲು ಹಿಡಿದು ಮುಂದುವರಿಸಿಕೊಳ್ಳಬೇಕಾದ ತಾತ್ಕಾಲಿಕ ಹುದ್ದೆ. ಊರಂಚಿನ ಹಳೆಯ ತರಕಾರಿ ತೋಟವೊಂದರಲ್ಲಿ ಅವಳಿಗೊಂದು ಬೇರುಗಂಟು ಹುಳು ಸಿಕ್ಕಿತ್ತು. ಹುಳು ಹೊಕ್ಕ ಕಡೆ ಬೇರು ಗಂಟುಗಂಟಾಗಿ ಊದಿಕೊಳ್ಳುತ್ತದೆ, ಗಿಡ ಮೇಲೆ ಸೊರಗುತ್ತದೆ. ಇದೇನೂ ಹೊಸದಲ್ಲ. ಆದರೆ ಈ ಹುಳುವಿಗೆ ಮಾತ್ರ, ಬೇರುಗಂಟು ಹುಳುವನ್ನು ತಡೆದುಕೊಳ್ಳುತ್ತವೆ ಅಂತ ಕಂಪನಿಗಳು ಎದೆ ತಟ್ಟಿಕೊಂಡು ಮಾರುವ ಟೊಮೇಟೊ ತಳಿಗಳೂ ಶರಣಾಗುತ್ತಿದ್ದವು. ಇವಳು ಐದು ವರ್ಷ ಹುಡುಕಿ ಒಂದು ಕಾಡು ಟೊಮೇಟೊ ಕಂಡುಹಿಡಿದಿದ್ದಳು. ಅದರ ಬೇರಿನಲ್ಲಿ ಒಂದೇ ಒಂದು ಗಂಟು ಮೂಡಲಿಲ್ಲ. ಇನ್ನೊಂದು ಸುತ್ತು ಪರೀಕ್ಷೆಯಲ್ಲೂ ಹಾಗೇ ಬಂದರೆ ಮಾತು ಮುಗಿಯಿತು. ಬೆಳೆಗಾರರಿಗೆ ಕಸಿ ಕಟ್ಟಲು ಬೇರು ಸಿಕ್ಕಿತು, ಇವಳಿಗೆ ಕಾಯಂ ಕೆಲಸ ಸಿಕ್ಕಿತು.

ತೊಂದರೆ ಒಂದೇ. ಈ ಹುಳುವನ್ನು ಸೀಸೆಯಲ್ಲಿ ಹಾಕಿಡಲು ಬರುವುದಿಲ್ಲ. ಜೀವ ಇರುವ ಬೇರು ಬೇಕು ಅದಕ್ಕೆ. ಅದು ಸಿಕ್ಕಿದ ತೋಟದ ಮೇಲೆ ಈಗ ಬಸ್ ಡಿಪೋ ಎದ್ದಿದೆ, ಕಾಂಕ್ರೀಟಿನಡಿ ಹುಡುಕಲು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ನಮಗೆ ಗೊತ್ತಿದ್ದ ಮಟ್ಟಿಗೆ ಆ ಹುಳುವಿನ ವಂಶವೆಲ್ಲ ಹಿತ್ತಿಲ ಗಾಜಿನ ಮನೆಯಲ್ಲಿ, ಅವಳ ನಲವತ್ತು ಕುಂಡಗಳಲ್ಲಿ ಇತ್ತು. ಹೆತ್ತ ಮಗಳಿಗೆ ಜ್ವರ ಬಂದ ದಿನವೂ ಅವಳು ಆ ಕುಂಡಗಳಿಗೆ ನೀರು ಹಾಕಿಯೇ ಮನೆಗೆ ಓಡಿದ್ದನ್ನು ನಾನು ನೋಡಿದ್ದೇನೆ.

ಇದು ಯಾರೂ ಈವರೆಗೆ ಹೆಸರಿಡದ ಹೊಸ ಜಾತಿ ಅಂತ ಖಾತ್ರಿಯಾದ ದಿನ ನಾಮಫಲಕರು ಮೊದಲ ಬಾರಿಗೆ ಟೊಮೇಟೊಳ ಕೋಣೆಗೆ ದಯಮಾಡಿಸಿದರು. ಅವರ ಮುಖ ನೋಡಿದ ತಕ್ಷಣವೇ ನನಗೆ ಗೊತ್ತಾಯಿತು. ಕಟ್ಟಡ, ಮೆಟ್ಟಿಲು, ನೀರು ಎಲ್ಲ ಮುಗಿದಿತ್ತು. ಈಗ ಜೀವಜಾಲದಲ್ಲೇ ಅಪ್ಪನ ಹೆಸರು ಕೆತ್ತಿಸುವ ಯೋಗ ಬಂದಿತ್ತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಗ್ಗಿ ನೋಡಿದರು. ಬೇರಿನೊಳಗೆ ಬೆಳ್ಳಗೆ, ಹೊಟ್ಟೆ ಊದಿಸಿಕೊಂಡು ಕೂತಿದ್ದ ಹೆಣ್ಣು ಹುಳು ಕಂಡಿತು. ಇದೇನಮ್ಮ, ಸೋರೆಕಾಯಿ ಥರ ಇದೆ ಅಂದರು.

ಅದು ಹೆಣ್ಣು ಸರ್, ಬೇರಿನಲ್ಲೇ ಕೂತು ನೂರಾರು ಮೊಟ್ಟೆ ಇಡುತ್ತೆ, ಈ ಜಾತಿಯಲ್ಲಿ ಅದಕ್ಕೆ ಗಂಡಿನ ಅಗತ್ಯವೇ ಇಲ್ಲ ಅಂತ ಟೊಮೇಟೊ ವಿವರಿಸಿದಳು. ಹೆಸರಿಡಲು ಹೆಣ್ಣು, ಮರಿ ಇವೆರಡೇ ಸಾಕು ಅಂತಲೂ ಹೇಳಿದಳು. ನಾಮಫಲಕರ ಮುಖ ಗಂಟಾಯಿತು. ತಮ್ಮ ತಂದೆಯಂಥ ಗಂಡಸಿನ ಹೆಸರನ್ನು ಈ ಸೋರೆಕಾಯಿಗೆ ಇಡುವುದೇ? ಗಂಡು ಹುಟ್ಟುವುದೇ ಇಲ್ಲವೇ ಅಂತ ಕೇಳಿದರು. ಪಾಪ, ಇವಳು ವಿಜ್ಞಾನ ಹೇಳಿದಳು.

"ಅಪರೂಪಕ್ಕೆ ಹುಟ್ಟುತ್ತೆ ಸರ್. ಗಿಡ ಉಪವಾಸ ಬಿದ್ದಾಗ, ಬೇರಲ್ಲಿ ಜಾಗ ಸಾಲದೆ ಹೋದಾಗ. ಊಟ ಸಾಲಲ್ಲ ಅಂತಾದ್ರೆ ಮರಿಗಳು ಹೆಣ್ಣಾಗೋದು ಬಿಟ್ಟು ಗಂಡಾಗಿಬಿಡ್ತವೆ."

ನಾಮಫಲಕರು ತಲೆಯಾಡಿಸಿ ಹೊರಟುಹೋದರು. ಹದಿನೈದು ದಿನದೊಳಗೆ ಟೊಮೇಟೊಗೆ ಆದೇಶ ಬಂತು: ದೂರದ ನಗರದಲ್ಲಿ ಒಂದೂವರೆ ತಿಂಗಳು ತರಬೇತಿ; ವಿಷಯ, ಸಭೆಯಲ್ಲಿ ಮಾತನಾಡುವ ಕಲೆ. ತಾತ್ಕಾಲಿಕದವಳನ್ನೂ ಮನುಷ್ಯರ ಲೆಕ್ಕಕ್ಕೆ ತೆಗೆದುಕೊಂಡರಲ್ಲ ಅಂತ ಅವಳು ಖುಷಿಪಟ್ಟಳು. ಕುಂಡಗಳಿಗೆ ಎಷ್ಟು ನೀರು, ಎಷ್ಟು ಗೊಬ್ಬರ ಅಂತ ತೋಟದವನಿಗೆ ಹತ್ತು ಸಲ ಹೇಳಿ ಹೋದಳು. ಅದೇ ವಾರ ನಾನು ಕುರಿ ಫಾರ್ಮುಗಳ ಸುತ್ತಾಟಕ್ಕೆ ಹೊರಟೆ. ಮಳೆ ಮುಗಿದ ಮೇಲೆ ಕುರಿಗಳಿಗೆ ಜಂತು ಹೆಚ್ಚು. ಹಿಕ್ಕೆ ಕಲೆಹಾಕುತ್ತಾ, ಕಣ್ಣರೆಪ್ಪೆ ಬಿಡಿಸಿ ಜಂತು ಹೀರಿ ಬಿಟ್ಟ ರಕ್ತ ಎಷ್ಟಿದೆ ಅಂತ ನೋಡುತ್ತಾ ತಿಂಗಳೇ ಕಳೆಯಿತು.

ವಾಪಸು ಬಂದು ಗಾಜಿನ ಮನೆಗೆ ಕಾಲಿಟ್ಟೆ. ನಲವತ್ತು ಕುಂಡಗಳ ಗಂಟುಬೇರನ್ನೆಲ್ಲ ಹತ್ತು ಕುಂಡಗಳಿಗೆ ತುರುಕಿದ್ದರು. ಗಿಡಗಳ ಎಲೆ ಕಿತ್ತು ಬರೀ ಕಡ್ಡಿ ಉಳಿಸಿದ್ದರು. ಮಣ್ಣು ಬಿರುಕು ಬಿಟ್ಟಿತ್ತು. ತೋಟದವನನ್ನು ಕೇಳಿದರೆ ಅವನು ನೆಲ ನೋಡುತ್ತಾ, ಸರ್ ಆರ್ಡರು ಮೇಡಂ, ದಿನಕ್ಕೆ ಒಂದು ಲೋಟದ ಮೇಲೆ ನೀರು ಹಾಕಿದರೆ ಕೆಲಸ ಹೋಗುತ್ತೆ ಅಂದಿದ್ದಾರೆ ಅಂದ.

ನಾನು ನೇರ ನಾಮಫಲಕರ ಕೋಣೆಗೆ ನುಗ್ಗಿದೆ. ಅವರು ಕುರ್ಚಿಯಲ್ಲಿ ಉಬ್ಬಿಕೊಂಡು ಕೂತಿದ್ದರು. ಮೇಜಿನ ಮೇಲೆ ಮಖಮಲ್ಲಿನ ಪೆಟ್ಟಿಗೆ, ಅದರಲ್ಲಿ ಎರಡು ಗಾಜಿನ ಸ್ಲೈಡು. ಎರಡು ಗಂಡು ಹುಟ್ಟಿದ್ದವು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಮಿಠಾಯಿ ಹಂಚುವವರ ಮುಖ ಇರುತ್ತದಲ್ಲ, ಹಾಗಿತ್ತು ಅವರ ಮುಖ. ಐದು ವರ್ಷದ ಕೆಲಸ ಹಾಳು ಮಾಡಿದಿರಲ್ಲ ಅಂತ ನಾನು ಬಾಯಿಗೆ ಬಂದ ಹಾಗೆ ಅಂದೆ. ಅವರಿಗೆ ಅದು ಕೇಳಿಸಿದ ಹಾಗೂ ಕಾಣಲಿಲ್ಲ.

"ನೋಡಿ ಮೇಡಂ, ಸ್ವಲ್ಪ ಹಸಿವಿದ್ರೇನೇ ಗಂಡಸರು ಹುಟ್ಟೋದು. ನಮ್ಮ ತಂದೆ ಹಾಗೇ ಬೆಳೆದವರು. ನೀವು ನಿಮ್ಮ ಕುರಿ ನೋಡ್ಕೊಳ್ಳಿ."

ಕುರಿಯ ಹೊಟ್ಟೆಯ ಜಂತುವಿಗೆ ಔಷಧಿಯಾದರೂ ಇದೆ. ನಾನು ಹೊರಗೆ ಬಂದು ಟೊಮೇಟೊಗೆ ಫೋನು ಮಾಡಿದೆ. ತರಬೇತಿ ಬಿಟ್ಟು ಅವಳು ಸಿಕ್ಕ ಬಸ್ಸು ಹತ್ತಿದಳು. ಆ ಬೇರುಗಳಲ್ಲಿ ಎಲ್ಲೋ ಒಂದೆರಡು ಹೆಣ್ಣು, ಒಂದು ಮುದ್ದೆ ಮೊಟ್ಟೆ ಉಳಿದಿದ್ದರೂ ಸಾಕು, ಹೊಸ ಸಸಿಗೆ ಹಾಕಿ ಮತ್ತೆ ಬೆಳೆಸುತ್ತೇನೆ, ಯಾರಿಗೂ ಮುಟ್ಟಲು ಬಿಡಬೇಡಿ ಅಕ್ಕ ಅಂದಳು. ನಾನು ಗಾಜಿನ ಮನೆಗೆ ವಾಪಸು ಓಡಿದೆ. ಅಲ್ಲಿ ಹೊಸ ಬೀಗ ಜೋತಾಡುತ್ತಿತ್ತು, ಕೀಲಿ ನಾಮಫಲಕರ ಜೇಬಿನಲ್ಲಿತ್ತು.

ಮರುದಿನ ಮಧ್ಯಾಹ್ನ ಅವಳು ಬಂದಾಗ ಬೀಗ ತೆಗೆದಿತ್ತು. ಹೆಸರಿಡುವ ಸಮಾರಂಭಕ್ಕೆ ಅತಿಥಿಗಳು ಬರುತ್ತಾರೆ, ಒಣಗಿದ ಕಡ್ಡಿಗಳು ಕಣ್ಣಿಗೆ ಚೆನ್ನಾಗಿರಲ್ಲ ಅಂತ ಬೆಳಿಗ್ಗೆಯೇ ಎಲ್ಲ ಶುಚಿ ಮಾಡಿಸಿದ್ದರು. ಬೇರುಗಳು ಬಾಯ್ಲರಿನ ಬೆಂಕಿಗೆ ಹೋಗಿದ್ದವು. ಮಣ್ಣಿಗೆ ಒಂದು ಜೀವವೂ ಉಳಿಯದ ಹಾಗೆ ಬಿಸಿ ಆವಿ ಕೊಟ್ಟಿದ್ದರು. ಕುಂಡಗಳನ್ನು ತೊಳೆದು ಬೋರಲು ಹಾಕಿದ್ದರು.

ಟೊಮೇಟೊ ಅಳಲಿಲ್ಲ. ಚಮಚ ತಂದು ಬೆಂಚುಗಳ ಕೆಳಗೆ, ಚರಂಡಿಯ ಸಂದಿಯಲ್ಲಿ ಕೂತಿದ್ದ ಕೆಸರನ್ನೆಲ್ಲ ಕೆರೆದಳು. ನಮ್ಮಲ್ಲಿ ಮಣ್ಣಿನಿಂದ ಹುಳು ತೆಗೆಯುವ ರೀತಿ ಸರಳ: ನೀರು ತುಂಬಿದ ಆಲಿಕೆಯ ಮೇಲೆ ತೆಳು ಕಾಗದ ಹಾಸಿ ಮಣ್ಣು ಹರಡಿದರೆ, ಜೀವ ಇರುವವು ಕಾಗದ ತೂರಿ ಕೆಳಗೆ ಇಳಿಯುತ್ತವೆ. ಸತ್ತವು ಇಳಿಯುವುದಿಲ್ಲ. ಮೂರು ದಿನ ಅವಳು ಆಲಿಕೆಗಳ ಮುಂದೆ ಕೂತಳು, ನಾನೂ ಕೂತೆ. ಬಾಲ ಬಳುಕಿಸುತ್ತಾ ಬೇಕಾದಷ್ಟು ಇಳಿದು ಬಂದವು. ಎಲ್ಲವೂ ಬ್ಯಾಕ್ಟೀರಿಯಾ ಮೇಯುವ ಪಾಪದವು. ಅವಳಿಗೆ ಬೇಕಾದದ್ದು ಒಂದೂ ಬರಲಿಲ್ಲ.

ಅವಳ ಕಾಡು ಟೊಮೇಟೊ ಈಗ ಬರೀ ಒಂದು ಕಾಡು ಗಿಡ. ಯಾವ ಹುಳುವನ್ನು ತಡೆಯುತ್ತದೆ ಅಂತ ತೋರಿಸಲು ಆ ಹುಳುವೇ ಇರಲಿಲ್ಲ. ಆದರೂ ಸಮಾರಂಭದಲ್ಲಿ ಹುಳುವಿನ ಬಗ್ಗೆ ನಾಲ್ಕು ಮಾತಾಡು, ಹುದ್ದೆ ಇನ್ನೊಂದು ವರ್ಷ ನೋಡೋಣ ಅಂತ ನಾಮಫಲಕರು ಹೇಳಿಕಳಿಸಿದರು. ಇವಳು ಒಪ್ಪಿಕೊಂಡುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ನಿನಗೆ ನಾಚಿಕೆ ಅನ್ನೋದು ಇದೆಯೇನೇ ಅಂತ ಕೇಳಿದೆ.

"ಮಾತಾಡೋದು ಕಲಿ ಅಂತ ಅವರೇ ಕಳಿಸಿದ್ರಲ್ಲ ಅಕ್ಕ," ಅಂದಳು. "ಕಲಿತದ್ದನ್ನ ತೋರಿಸ್ಬೇಡ್ವಾ?"

ಸಭಾಂಗಣಕ್ಕೂ ಅಪ್ಪನದೇ ಹೆಸರು. ವೇದಿಕೆಯ ಮೇಲೆ ಅಪ್ಪನ ದೊಡ್ಡ ಫೋಟೊ, ಮೀಸೆಯ ಒಂದೊಂದು ಕೂದಲೂ ಕಾಣುವಷ್ಟು ದೊಡ್ಡದು. ಅದರ ಪಕ್ಕದಲ್ಲಿ ತೆರೆಯ ಮೇಲೆ ಗಂಡು ಹುಳು, ಅದೂ ಅಷ್ಟೇ ದೊಡ್ಡದು. ಎದುರುಗಡೆ ಹೊಸ ಫಲಕವೊಂದಕ್ಕೆ ಬಟ್ಟೆ ಮುಚ್ಚಿ, ಎಳೆಯಲು ದಾರ ಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ನಾಮಫಲಕರ ತಾಯಿ ಕೂತಿದ್ದರು. ಎಂಬತ್ತು ದಾಟಿದ ಹೆಂಗಸು, ಕೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಇದೆಲ್ಲ ಯಾವಾಗ ಮುಗಿಯುತ್ತದೆ ಅನ್ನುವ ಹಾಗೆ. ಅವರನ್ನು ಕರೆತಂದದ್ದು ದಾರ ಎಳೆಸಲು. ನಾಮಫಲಕರು ಅರ್ಧ ಗಂಟೆ ಅಪ್ಪನ ಗುಣಗಾನ ಮಾಡಿದರು. ಅಪ್ಪ ಮುಟ್ಟಿದ್ದೆಲ್ಲ ಚಿನ್ನ, ಅಪ್ಪ ಇಲ್ಲದಿದ್ದರೆ ಈ ಸಂಸ್ಥೆ ಇಲ್ಲ, ಅಪ್ಪ ಇಲ್ಲದಿದ್ದರೆ ಮನೆ ಇಲ್ಲ. ಹಿಂದಿನ ಸಾಲುಗಳು ಆಕಳಿಸಿದವು. ಆಮೇಲೆ ಟೊಮೇಟೊ ಎದ್ದಳು.

ಅವಳು ಒಂದು ಕೆಟ್ಟ ಮಾತೂ ಆಡಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ನೆಟ್ಟಗೆ ನಿಂತು, ಎಲ್ಲರ ಕಡೆಯೂ ನೋಡುತ್ತಾ, ಪುಸ್ತಕದಲ್ಲಿ ಇರುವುದನ್ನೇ ಹೇಳಿದಳು. ಇದು ಗಂಡು. ಬೆಳೆದ ಮೇಲೆ ಇದು ಏನೂ ತಿನ್ನುವುದಿಲ್ಲ, ಏನೂ ಮಾಡುವುದೂ ಇಲ್ಲ. ಮೊಟ್ಟೆ ಇಡುವ ಹೆಣ್ಣಿಗೆ ಇದರಿಂದ ಆಗಬೇಕಾದ್ದು ಏನಿಲ್ಲ. ಬೇರು ಬಿಟ್ಟು ಹೊರಗೆ ಬಂದು ಒಂದಷ್ಟು ದಿನ ಅಲೆದು ಸತ್ತುಹೋಗುತ್ತದೆ. ಸಂಸಾರ ನಡೆಸುವುದು ಪೂರ್ತಿ ಹೆಣ್ಣೇ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಕೆಮ್ಮಿ ನಗು ಮುಚ್ಚಿಕೊಂಡರು. ನಾಮಫಲಕರ ಕಿವಿ ಕೆಂಪಾಯಿತು, ಆದರೂ ಹಲ್ಲು ಕಿರಿಯುತ್ತಾ ಚಪ್ಪಾಳೆ ತಟ್ಟಿ, ಸಾಕು ಸಾಕು ಅನ್ನುವ ಹಾಗೆ ಕೈ ಮಾಡಿದರು. ದಾರದ ತುದಿ ತಂದು ತಾಯಿಯ ಕೈಗೆ ಕೊಟ್ಟರು. ತಾಯಿ ಎಳೆಯಲಿಲ್ಲ. ತೆರೆಯ ಮೇಲಿನ ಹುಳುವನ್ನೇ ನೋಡುತ್ತಿದ್ದರು. ಆಮೇಲೆ ಟೊಮೇಟೊಳ ಕಡೆ ತಿರುಗಿ, ಹೆಣ್ಣು ಹುಳುಗಳು ಎಲ್ಲಿ, ಅವುಗಳನ್ನು ಯಾಕೆ ತೋರಿಸಲಿಲ್ಲ ಅಂತ ಕೇಳಿದರು.

ನಾಮಫಲಕರು ನಡುವೆ ಬಂದು, ಅದೆಲ್ಲ ಆಮೇಲೆ ಹೇಳ್ತೀನಮ್ಮ, ಈಗ ಎಳಿ ಅಂದರು.

"ಅವು ಸತ್ತುಹೋದವಮ್ಮ," ಅಂದಳು ಟೊಮೇಟೊ. "ಗಂಡು ಹುಟ್ಲಿ ಅಂತ ಅವಕ್ಕೆ ಊಟ ಹಾಕ್ಲಿಲ್ಲ."

ಮುದುಕಿ ಮಗನ ಮುಖ ನೋಡಿದರು, ಅವನ ಹಿಂದಿದ್ದ ಫೋಟೊ ನೋಡಿದರು. ಮೈಕು ಅವರ ಹತ್ತಿರ ಇರಲಿಲ್ಲ, ಆದರೂ ಕೊನೆಯ ಸಾಲಿನಲ್ಲಿದ್ದ ನನಗೆ ಪ್ರತಿ ಮಾತೂ ಕೇಳಿಸಿತು.

"ನೀನು ಹುಟ್ಟೋಕೆ ಮುಂಚೆ ನಿನಗೊಬ್ಬಳು ಅಕ್ಕ ಇದ್ಲು. ಹುಟ್ಟಿದ್ದು ಹೆಣ್ಣು ಅಂತ ಗೊತ್ತಾದ ದಿನದಿಂದ ನಿಮ್ಮಪ್ಪ ನನಗೆ ಹಾಲು, ತುಪ್ಪ ಎಲ್ಲ ನಿಲ್ಲಿಸಿಬಿಟ್ರು. ಬರೀ ಗಂಜಿ. ನನ್ನೆದೆಯಲ್ಲಿ ಹಾಲು ಬತ್ತಿಹೋಯ್ತು. ಎರಡು ತಿಂಗಳು ಇದ್ಲು ಮಗು."

ಅಮ್ಮಾ, ಎಲ್ಲರೂ ಇದ್ದಾರೆ ಅಂತ ನಾಮಫಲಕರು ಪಿಸುಗುಟ್ಟಿದರು. ಇರಲಿ ಅಂದರು ತಾಯಿ. ಕೋಲು ಊರಿ, ಯಾರ ಕೈಯನ್ನೂ ಹಿಡಿಯದೆ ನಿಧಾನವಾಗಿ ಎದ್ದರು. ದಾರವನ್ನು ಮಗನ ಕೈಗೇ ವಾಪಸು ಇಟ್ಟರು.

"ಇಡಪ್ಪ, ಅವರ ಹೆಸರೇ ಇಡು. ಇಷ್ಟು ಸರಿಯಾಗಿ ನೀನು ಇನ್ಯಾವುದಕ್ಕೂ ಇಟ್ಟಿರಲಿಲ್ಲ."