ಕೋಕೋ ಕುದುರೆಯ ಆರತಿ

ಕಸ್ತೂರೆವ್ವನ ಬಾಯಿಗೆ ಬಾಗಿಲಿಲ್ಲ ಎಂಬುದು ಶಲವಡಿಯ ದನಕರುಗಳಿಗೂ ಗೊತ್ತಿದ್ದ ಸಂಗತಿ. ಮನಸ್ಸು ಬೆಣ್ಣೆ, ಅದರಲ್ಲಿ ಸುಳ್ಳಿಲ್ಲ. ನಾಲಿಗೆ ಮಾತ್ರ ಹಗ್ಗ ಹರಿದುಕೊಂಡ ಕರು. ಮಗ ಶಂಕ್ರಪ್ಪನಿಗೆ ಹೆಣ್ಣು ನೋಡಲು ನವಲಗುಂದಕ್ಕೆ ಹೋದಾಗಲೂ ಅದೇ ಆಯಿತು. ಉಪ್ಪಿಟ್ಟು ತಿಂದು, ಚಹಾ ಕುಡಿದು, ಕೈ ತೊಳೆಯಲು ಹಿತ್ತಲಿಗೆ ಹೋದವಳು ನಾದಿನಿಯ ಕಿವಿಯಲ್ಲಿ, "ಎಲ್ಲಾ ಅಗದಿ ಚಲೋ ಐತಿ, ಆದ್ರ ಹುಡಿಗಿ ಕಪ್ಪಲ್ಲೇನ ಬೇ?" ಎಂದುಬಿಟ್ಟಳು. ಕಿವಿಯಲ್ಲಿ ಹೇಳಿದ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಕಸ್ತೂರೆವ್ವ ಕಿವಿಯಲ್ಲಿ ಹೇಳಿದರೆ ಮೂರು ಮನೆಗೆ ಕೇಳಿಸುತ್ತದೆ. ಹಿತ್ತಲ ಬಾಗಿಲಲ್ಲಿ ಹುಡುಗಿಯ ಅಜ್ಜಿ ಕೆಂಚವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

ಮುದುಕಿ ಏನಾದರೂ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹುಡುಗಿಯ ಅಪ್ಪ ಈರಬಸಪ್ಪ ಕಟ್ಟೆಯ ತನಕ ಕಳಿಸಲು ಬಂದು, "ಗೌರಿ ಹುಣ್ಣಿವಿಗೆ ಆರತಿ ತಗೊಂಡು ಬರ್ರಿ. ಮದುವಿ ತಾರೀಖಿನ ಮಾತು ಅವತ್ತ ನೋಡೂಣು," ಎಂದ. ಆ "ನೋಡೂಣು" ಎಂಬುದರ ಅರ್ಥ ಏನೆಂದು ಗಂಡು ಹೆತ್ತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಂಕ್ರಪ್ಪ ಮಿಲಿಟರಿಯಲ್ಲಿದ್ದ, ರಜೆಯ ಮೇಲೆ ಬಂದಿದ್ದ. ಮಾತು ಕಮ್ಮಿ. ಊರಿಗೆ ಮರಳಿದ ಸಂಜೆ ಅವ್ವನ ಮುಂದೆ ಕೂತು, "ಮಾಡಿಕೊಂಡ್ರ ಸುಶೀಲಾನ್ನ. ಇಲ್ಲಂದ್ರ ನನಗ ಮದುವಿನ ಬ್ಯಾಡವಾ," ಎಂದ. ಅಷ್ಟೇ. ಕಸ್ತೂರೆವ್ವ ಆ ರಾತ್ರಿ ರೊಟ್ಟಿ ಮುರಿಯಲಿಲ್ಲ. ಒಬ್ಬನೇ ಮಗ, ಅವನ ಬಾಳಿಗೆ ತನ್ನ ನಾಲಿಗೆಯೇ ಕಲ್ಲು ಹಾಕಿತಲ್ಲ ಎಂದು ಒಲೆಯ ಮುಂದೆ ಕೂತು ಅತ್ತಳು.

ಆ ಸೀಮೆಯಲ್ಲಿ ಗೌರಿ ಹುಣ್ಣಿಮೆ ಬಂತೆಂದರೆ, ಮಾತುಕತೆಯಾದ ಹುಡುಗಿಗೆ ಗಂಡಿನ ಕಡೆಯವರು ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ಒಯ್ದು ಕೊಡಬೇಕು. ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ತೆಗೆದ ಆನೆ, ಕುದುರೆ, ನವಿಲುಗಳು, ಹಾಲಿನಷ್ಟು ಬಿಳುಪು. ಹುಡುಗಿ ಅವನ್ನು ತಟ್ಟೆಯಲ್ಲಿ ನಿಲ್ಲಿಸಿ, ದೀಪ ಹಚ್ಚಿ ಗೌರಮ್ಮನಿಗೆ ಬೆಳಗುತ್ತಾಳೆ. ಬೆಳಗಿದ ಮೇಲೆ ಮುರಿದು ಹಂಚಿ ತಿನ್ನುತ್ತಾರೆ. ಅಂಗಡಿಯಲ್ಲಿ ಸಿಗುತ್ತವೆ, ಆದರೆ ಕಸ್ತೂರೆವ್ವನಿಗೆ ಅಂಗಡಿಯ ಆರತಿ ಒಯ್ಯುವ ಧೈರ್ಯವಿರಲಿಲ್ಲ. ಕೆಟ್ಟ ಮಾತನ್ನು ತೊಳೆಯಬೇಕಾದರೆ ಸ್ವಂತ ಕೈಯಿಂದ ಮಾಡಿದ್ದೇ ಆಗಬೇಕು ಎಂದು ಬಾಜೂ ಮನೆಯ ಮೌಲಾಬಿಯ ಬಾಗಿಲಿಗೆ ಹೋದಳು. ಮೌಲಾಬಿಯ ಅತ್ತೆ ವರ್ಷವರ್ಷವೂ ಆರತಿ ಮಾಡಿ ಮಾರಿದಾಕೆ. ಈಗ ಅಚ್ಚುಗಳು ಅಟ್ಟದ ಮೇಲಿದ್ದವು.

"ಅಚ್ಚು ಕೊಡತೀನಿ, ಕಸ್ತೂರಕ್ಕ, ನಾನೂ ಕೂಡ್ತೀನಿ. ಆದ್ರ ಸಕ್ಕರಿ?" ಎಂದಳು ಮೌಲಾಬಿ. ಆ ವರ್ಷ ರೇಶನ್ ಅಂಗಡಿಗೆ ಬಂದ ಸಕ್ಕರೆ ನೋಡಿದರೆ ಅಳು ಬರುವಂತಿತ್ತು, ಹಳದಿ ಬಣ್ಣ, ಸಣ್ಣ ನುಚ್ಚು. ಪಾಕಕ್ಕೆ ಹಾಲು ಬಿಟ್ಟು ಎಷ್ಟು ಕೊಳೆ ತೆಗೆದರೂ ಮೊದಲ ನವಿಲು ಹಳೆಯ ಧೋತರದ ಬಣ್ಣದ್ದಾಗಿ ಬಂತು.

ಅದನ್ನು ಕಂಡು ಶಂಕ್ರಪ್ಪ ಎದ್ದುಹೋಗಿ ತನ್ನ ಟ್ರಂಕಿನಿಂದ ಒಂದು ತಗಡಿನ ಡಬ್ಬಿ ತಂದ. "ಕೋಕೋ ಅಂತಾರವಾ ಇದಕ್ಕ. ಚಾಕ್ಲೇಟ್ ಮಾಡೋದು ಇದರಿಂದನ. ಬರ್ಫಿನ್ಯಾಗ ಕಾವಲ ಇದ್ದಾಗ ನಮಗ ಬಿಸಿ ನೀರಾಗ ಕಲಸಿ ಕೊಡ್ತಾರ. ಕೈ ಹಿಡಿಯೂ ಹುಡಿಗಿಗಂತ ತಂದಿದ್ದೆ. ಪಾಕದಾಗ ಇದನ್ನ ಹಾಕ್ರಿ," ಎಂದ. ಹೇಳುವಾಗ ಆ ಆರಡಿ ಆಳಿನ ಕಿವಿ ಕೆಂಪಾಗಿತ್ತು.

ಮುಚ್ಚಳ ತೆರೆದದ್ದೇ ತಡ, ಇಬ್ಬರು ಹೆಂಗಸರೂ ಮೂಗು ಮುಂದೆ ಮಾಡಿ ಹಾಗೆಯೇ ನಿಂತರು. ಕಸ್ತೂರೆವ್ವ ತನ್ನ ಬಾಳಿನಲ್ಲಿ ಮೂಸದ ವಾಸನೆಯಿಲ್ಲ: ಹುರಿದ ಶೇಂಗಾ, ಗಾಣದ ಬೆಲ್ಲ, ಕಾಸಿದ ತುಪ್ಪ. ಇದು ಅವುಗಳಲ್ಲಿ ಯಾವುದೂ ಅಲ್ಲ. "ಯಾ ಅಲ್ಲಾ, ಇದೇನು ಪುಡೀನೋ ಜಾದೂನೋ!" ಎಂದಳು ಮೌಲಾಬಿ.

ಹಿಂದಿನ ದಿನದಿಂದ ನೀರಲ್ಲಿ ನೆನೆದ ಅಚ್ಚಿನ ಎರಡು ಹೋಳುಗಳನ್ನು ಕೂಡಿಸಿ ದಾರದಿಂದ ಬಿಗಿದರು. ಪಾಕ ಬೆರಳಿಗೆ ಎಳೆ ಬಿಟ್ಟಾಗ ಕೋಕೋ ಸುರಿದರು. ಎಷ್ಟು ಹಾಕಬೇಕು? ಮಗನಿಗೆ ಗೊತ್ತಿಲ್ಲ, ಅವ್ವನಿಗಂತೂ ಮೊದಲೇ ಇಲ್ಲ. ಮೌಲಾಬಿ ಬೆರಳಿಗೆ ಹತ್ತಿದ್ದನ್ನು ನೆಕ್ಕಲು ಹೋದಾಗ ಕಸ್ತೂರೆವ್ವ ಅವಳ ಕೈ ಹಿಡಿದಳು. "ಏ, ಗೌರಮ್ಮನ ಮೀಸಲ ಅದು! ಬೆಳಗೂತನಕ ಯಾರ ಬಾಯಿಗೂ ಮುಟ್ಟಂಗಿಲ್ಲ." ಆದ್ದರಿಂದ ಅದು ಸಿಹಿಯೋ ಕಹಿಯೋ ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕಟ್ಟಿಗೆಯ ಹುಟ್ಟಿನಿಂದ ಪಾತ್ರೆಯ ಅಂಚಿಗೆ ತಿಕ್ಕಿ ತಿಕ್ಕಿ, ಪಾಕ ಮಂದವಾಗುತ್ತಲೇ ಅಚ್ಚಿಗೆ ಹೊಯ್ದರು.

ಮೊದಲನೆಯದು ತಲೆ ಬಿಟ್ಟು ಬಂತು. ಎರಡನೆಯದಕ್ಕೆ ಮೌಲಾಬಿ ಬಿಸ್ಮಿಲ್ಲಾ ಎಂದಳು, ಕಸ್ತೂರೆವ್ವ ಶಿವಶಿವಾ ಎಂದಳು. ದಾರ ಬಿಚ್ಚಿ ಅಚ್ಚಿನ ಒಂದು ಹೋಳು ಎತ್ತಿದರು. ಒಳಗೆ ಕುದುರೆ ಮಲಗಿತ್ತು. ಬಿಳಿ ಸಕ್ಕರೆಯಲ್ಲಿ ಎಂದೂ ಕಾಣದ ಜೂಲಿನ ಗೆರೆ, ಜೀನಿನ ಗೊಂಡೆ, ಮೂಗಿನ ಹೊಳ್ಳೆ ಎಲ್ಲವೂ ಆ ಕಂದು ಬಣ್ಣದಲ್ಲಿ ಎದ್ದು ಕಂಡವು. ಹೊರಗೆ ತೆಗೆದು ಹಲಗೆಯ ಮೇಲೆ ನಿಲ್ಲಿಸಿದರೆ ಈಗ ಕೆನೆದೀತು, ಆಗ ಕೆನೆದೀತು ಎನ್ನುವ ಹಾಗಿತ್ತು. ಕಸ್ತೂರೆವ್ವ ಎರಡೂ ಕೈ ಎದೆಗೆ ಹಚ್ಚಿಕೊಂಡಳು. "ಇದನ್ನ ನಾವ ಮಾಡಿದ್ವೇನ, ಮೌಲಾಬಿ?" ಎಂದು ಕೇಳಿದಳು. ಮೌಲಾಬಿಗೂ ನಂಬಿಕೆಯಿರಲಿಲ್ಲ.

ಹುಣ್ಣಿಮೆಯ ದಿನ ಕುದುರೆಯನ್ನು ಬುಟ್ಟಿಯಲ್ಲಿ ಹತ್ತಿಯ ನಡುವೆ ಮಲಗಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಮೌಲಾಬಿಯ ತಂಗಿ ನವಲಗುಂದದಲ್ಲಿ ಜಮಖಾನ ನೇಯುತ್ತಿದ್ದಳು, ಅವಳನ್ನೂ ನೋಡಿದಂತಾಯಿತು ಎಂಬ ಲೆಕ್ಕ. ಬಸ್ಸಿನ ತುಂಬ ವಾಸನೆ ಹಬ್ಬಿತು. ಮುಂದಿನ ಸೀಟಿನ ಒಬ್ಬ ಮುದುಕಿ ತಿರುಗಿ, "ಏನೈತಿ ಬೇ ಅದರಾಗ? ತೋರಸು ನೋಡೂಣು," ಎಂದು ಹಟ ಹಿಡಿದಳು. ಹೆಮ್ಮೆ ತಡೆಯದೆ ಕಸ್ತೂರೆವ್ವ ಬಟ್ಟೆ ಸರಿಸಿದಳು. ಅಕ್ಕಪಕ್ಕದವರೆಲ್ಲ ಬಗ್ಗಿ ನೋಡಿದರು. ಮುದುಕಿ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಯವ್ವಾ, ಕರಿ ಕುದುರಿ ಆರತಿ! ಹುಟ್ಟಿದಾಗಿಂದ ಕಂಡಿಲ್ಲ. ಯಾಕ, ಹುಡಿಗಿ ಕಪ್ಪ ಅದಾಳೇನ?" ಎಂದು ನಕ್ಕಳು.

ಕಸ್ತೂರೆವ್ವ ಥಟ್ಟನೆ ಬಟ್ಟೆ ಎಳೆದು ಮುಚ್ಚಿದಳು. ಇಷ್ಟು ದಿನ ಆ ಕುದುರೆಯ ಚೆಂದಕ್ಕೆ ಮರುಳಾಗಿ ಕೂತವಳಿಗೆ ಈ ಒಂದು ಮಾತು ಹೊಳೆದಿರಲಿಲ್ಲವಲ್ಲ! ಕಪ್ಪು ಎಂದು ಬಾಯಿಬಿಟ್ಟು ಹಂಗಿಸಿದ ಮನೆಗೇ ಈಗ ಕಪ್ಪು ಆರತಿ ಮಾಡಿಕೊಂಡು ಹೊರಟಿದ್ದಾಳೆ. ಬಾಯಲ್ಲಿ ಆಡಿದ್ದನ್ನು ಕೈಯಲ್ಲಿ ಗೊಂಬೆ ಮಾಡಿ ಒಯ್ದಂತಾಯಿತು. ಹುಡುಗಿಯ ತಟ್ಟೆಯಲ್ಲಿ ಇದನ್ನಿಟ್ಟರೆ ಈರಬಸಪ್ಪ ತಾರೀಖು ಗೊತ್ತುಮಾಡಿಯಾನೇ? ಬಾಗಿಲು ಹಾಕಿಕೊಂಡಾನು.

"ಮೌಲಾಬಿ, ನಾ ಕೆಟ್ಟೆ," ಎಂದಳು. ಮೌಲಾಬಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನವಲಗುಂದದಲ್ಲಿ ಇಳಿದವರೇ ಪೇಟೆಗೆ ಹೋಗಿ ಅಂಗಡಿಯಿಂದ ಒಂದು ಬಿಳಿ ಆನೆ ಕೊಂಡರು. ಕುದುರೆಯನ್ನು ಬುಟ್ಟಿಯ ತಳಕ್ಕೆ ಹಾಕಿ, ಹತ್ತಿ ಮುಚ್ಚಿ, ಮೇಲೆ ಆನೆಯನ್ನಿಟ್ಟರು. "ಮಗ ಕೇಳಿದ್ರ ಏನಂತೀ?" ಎಂದಳು ಮೌಲಾಬಿ. ಕಸ್ತೂರೆವ್ವ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಡೆದೇಬಿಟ್ಟಳು.

ಈರಬಸಪ್ಪನ ಮನೆಯಲ್ಲಿ ಮಾತು ನಯವಾಗಿತ್ತು, ಮುಖ ಬಿಗಿಯಾಗಿತ್ತು. "ಬರ್ರಿ, ಕೂಡ್ರಿ," ಎಂದರು, ನೀರು ಕೊಟ್ಟರು. ಸುಶೀಲಾ ಬಂದು ನಮಸ್ಕರಿಸಿ ಅಜ್ಜಿಯ ಹಿಂದೆ ನಿಂತಳು. ಕಸ್ತೂರೆವ್ವ ಸೀರೆ, ಹೂವು, ಬಿಳಿ ಆನೆ ತೆಗೆದಿಟ್ಟಳು. ಕೆಂಚವ್ವನ ಕಣ್ಣು ಮಾತ್ರ ಬುಟ್ಟಿಯ ಮೇಲೆಯೇ ಇತ್ತು.

"ಬೀಗತಿ, ತಳದಾಗ ಇನ್ನೇನೈತ್ರಿ? ಏನೋ ವಾಸನಿ ಬರಾಕತ್ತೈತಿ."

"ಏನಿಲ್ರಿ, ಬರೇ ಹತ್ತಿ," ಎಂದಳು ಕಸ್ತೂರೆವ್ವ. ಸುಳ್ಳು ಹೇಳಿ ರೂಢಿಯಿಲ್ಲದವಳು, ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮುದುಕಿ ಕೈ ಹಾಕಿ ಕುದುರೆಯನ್ನು ಎತ್ತಿಯೇಬಿಟ್ಟಳು. ಈರಬಸಪ್ಪ ಎದ್ದು ನಿಂತ. "ಅವತ್ತ ಆಡಿದ್ದು ಸಾಲಲಿಲ್ಲೇನ್ರಿ? ಗೊಂಬಿ ಮಾಡಿ ತಂದೀರೇನು?"

ಕಸ್ತೂರೆವ್ವ ಜಮಖಾನದಿಂದ ಕೆಳಗಿಳಿದು ಬರಿನೆಲದ ಮೇಲೆ ಕೂತಳು. "ಆಡಿದ್ದು ಖರೇರಿ. ನನ್ನ ಬಾಯಿ ಹುಟ್ಟಾ ಕೆಟ್ಟದ್ದು, ಅದಕ್ಕ ನಾ ಏನೂ ನೆವ ಹೇಳೂದಿಲ್ಲ. ಆದ್ರ ಈ ಕುದುರಿ ಹಂಗ ಮಾಡಿದ್ದಲ್ರಿ. ನನ್ನ ಮಗ ಬರ್ಫಿನ ಗುಡ್ಡದಿಂದ ತಂದು ಸುಶೀಲಾಗಂತ ಕೊಟ್ಟ ಪುಡಿ ಹಾಕಿ ಮಾಡಿದ್ದು. ಮಾಡೂವಾಗ ನನಗ ಬಣ್ಣದ ಖಬರ ಇರಲಿಲ್ಲ. ಅಷ್ಟ ಚೆಂದ ಇತ್ರಿ ಅದು. ಬಸ್ಸಿನ್ಯಾಗ ಒಬ್ಬಾಕಿ ಅಂದಮ್ಯಾಲ ಹೆದರಿ ಮುಚ್ಚಿಟ್ಟೆ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಸುಶೀಲಾ ಅಜ್ಜಿಯ ಕೈಯಿಂದ ಕುದುರೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ತಂದಳು. "ಅಪ್ಪಾ, ಹೊತ್ತಾತು. ನಾ ಇದನ್ನ ಬೆಳಗತೀನಿ," ಎಂದಳು.

ಗೌರಮ್ಮನನ್ನು ಓಣಿಯ ಕೊನೆಯ ದೊಡ್ಡ ಮನೆಯಲ್ಲಿ ಕೂಡಿಸಿದ್ದರು. ಬೆಳದಿಂಗಳಲ್ಲಿ ಓಣಿಯ ತುಂಬ ಹುಡುಗಿಯರು, ತಟ್ಟೆಯ ತುಂಬ ಬಿಳಿ ಆರತಿಗಳು. ನಡುವೆ ಸುಶೀಲಾಳ ತಟ್ಟೆ ಬಂದಾಗ ಹಾಡು ನಿಂತಿತು. ದೀಪದ ಬೆಳಕು ಬಿದ್ದು ಕುದುರೆಯ ಮೈ ಈಗಷ್ಟೇ ಕೆರೆಯಲ್ಲಿ ಮಿಂದೆದ್ದಂತೆ ಹೊಳೆಯುತ್ತಿತ್ತು. "ಏ, ಖರೇ ಖರೇ ಕುದುರಿ ನೋಡ್ರೆ!" ಎಂದು ಒಬ್ಬಳು ಕೂಗಿದಳು. ಅಷ್ಟರಲ್ಲಿ ಮುದುಕಿಯರು, ಸೊಸೆಯರು, ಕಟ್ಟೆಯ ಮೇಲಿನ ಗಂಡಸರು ಎಲ್ಲ ಸುತ್ತ ನೆರೆದರು. ಯಾರೂ ನಗಲಿಲ್ಲ, ಯಾರೂ ಹಂಗಿಸಲಿಲ್ಲ. ದೇವರ ಮುಂದೆ ಮಾತಾಡುವ ಸಣ್ಣ ದನಿಯಲ್ಲಿ ಮಾತಾಡಿದರು. ಹಿಂದೆ ನಿಂತ ಕೆಂಚವ್ವ, "ಯಾರ ಮಾಡಿದ್ದಂತ ಕೇಳತೀರೇನು? ನಮ್ಮ ಬೀಗರು ಮಾಡಿದ್ದು," ಎಂದದ್ದು ಕಸ್ತೂರೆವ್ವನಿಗೆ ಕೇಳಿಸಿತು. ತಾನು ಸರಿಯಾಗಿ ಕೇಳಿದೆನೋ ಇಲ್ಲವೋ ಎಂದು ಮೌಲಾಬಿಯ ಮುಖ ನೋಡಿದಳು.

ಮನೆಗೆ ಬಂದ ಮೇಲೆ ಸುಶೀಲಾ ಕುದುರೆಯ ಮುಂಗಾಲು ಟಕ್ಕನೆ ಮುರಿದು ಕಸ್ತೂರೆವ್ವನ ಮುಂದೆ ಹಿಡಿದಳು.

"ಮೊದಲ ನೀವು ತಿನ್ರಿ, ಅತ್ತಿ. ತಿಂದು ಹೆಂಗೈತಿ ಅಂತ ಬಾಯಿಬಿಟ್ಟು ಹೇಳ್ರಿ. ನೀವು ಹೇಳಿದ್ದು ಎಲ್ಲಾರಿಗೂ ಕೇಳಸತೈತಿ."

ಕೆಂಚವ್ವನ ತುಟಿಯ ಅಂಚು ಅಲುಗಿತು. ಈರಬಸಪ್ಪ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದ. ಕಸ್ತೂರೆವ್ವ ಬಾಯಿ ತೆರೆದಳು.

ಮೊದಲು ಕಹಿ. ಮುಗಿಯಿತು, ಎಂದುಕೊಂಡಳು, ಬಣ್ಣವೂ ಕೆಟ್ಟಿತು, ರುಚಿಯೂ ಕೆಟ್ಟಿತು. ಆಮೇಲೆ ಸಕ್ಕರೆ ಕರಗಿತು. ಆ ಕಹಿಯನ್ನು ಸಿಹಿ ಮೆಲ್ಲಗೆ ಸುತ್ತಿಕೊಂಡು, ಎರಡೂ ಒಂದೇ ಆಗಿ, ನಾಲಿಗೆಯ ಮೇಲೆ ಹರಡಿ ಗಂಟಲಿಗೆ ಇಳಿಯಿತು. ಹೋಳಿಗೆ ತಿಂದವಳು, ಪೇಢೆ ತಿಂದವಳು, ಕರದಂಟು ತಿಂದವಳು; ಇಂಥದ್ದೊಂದು ಲೋಕದಲ್ಲಿದೆ ಎಂದು ಐವತ್ತು ವರ್ಷ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು, ಮತ್ತು ಆ ಬಾಯಿಗೆ ಹುಟ್ಟಿದ ಮೇಲೆ ಮೊದಲ ಸಲ ಮಾತು ಸಿಗಲಿಲ್ಲ.

"ಇನ್ನೊಂದು ಕಾಲ ಮುರಿಯವಾ," ಎಂದಳು ಕಡೆಗೆ.

ಸುಶೀಲಾ ಮುರಿದಳು, "ಇದು ನಂದ್ರಿ," ಎಂದು ತನ್ನ ಬಾಯಿಗೇ ಹಾಕಿಕೊಂಡಳು. ಹಾಕಿಕೊಂಡವಳು ಗಕ್ಕನೆ ನಿಂತಳು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಆರತಿಯ ದೀಪ ಇನ್ನೂ ಉರಿಯುತ್ತಿತ್ತು. ಅದರ ಬೆಳಕು ಅವಳ ಹಣೆ, ಕೆನ್ನೆ, ಅರೆತೆರೆದ ತುಟಿಯ ಮೇಲೆ ಆಡುತ್ತಿತ್ತು. ಹೆಣ್ಣು ನೋಡಲು ಬಂದ ದಿನ ಕಸ್ತೂರೆವ್ವ ಈ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ. ನೋಡುತ್ತ ನೋಡುತ್ತ ಕೈ ತಾನಾಗಿ ಎದೆಗೆ ಹೋಯಿತು. ಬಾಜೂ ಕೂತ ಮೌಲಾಬಿಯ ಕಡೆಗೆ ಬಾಗಿ, ಅವಳ ಕಿವಿಯಲ್ಲಿ ಮಾತ್ರ ಹೇಳಿದಳು:

"ಯವ್ವಾ, ಎಷ್ಟ ಚೆಂದ ಅದಾಳ ಬೇ ನನ್ನ ಸೊಸಿ!"

ಮೂರು ಮನೆಗೆ ಕೇಳಿಸಿತು. ಈರಬಸಪ್ಪ ಎದ್ದು ಗೋಡೆಯ ಕ್ಯಾಲೆಂಡರ್ ಇಳಿಸಿದ.